ಸಾಯಲು ಹೊರಟವರಿಗೆ ಹೆಲ್ಮೆಟ್ ಏಕೆ?



ಶಿರಾ ತಾಲ್ಲೂಕಿನ ಬರಗೂರಿನಲ್ಲಿ ಮಕ್ಕಳೊಡನೆ ಮಾತನಾಡುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ: “ಸಾರ್, ಎರಡನೇ ಮಹಾಯುದ್ಧದಲ್ಲಿ ಜಪಾನಿನ ಕಾಮಿಕಾಜೆ ಪೈಲಟ್‌ಗಳು ವಿಮಾನವನ್ನೇ ಶತ್ರುವಿನ ಹಡಗಿಗೆ ಗುದ್ದಿಸಿ ಸಾಯೋಕೆ ಹೋಗ್ತಿದ್ದರಲ್ಲ, ಅವರಿಗೆ ಹೆಲ್ಮೆಟ್ ಯಾಕೆ?” ಎಲ್ಲರೂ ನಕ್ಕರು. ನನಗೂ ನಗು ಬಂತು. ಆದರೆ ಅದು ನಕ್ಕು ಬಿಡುವಂಥ ಪ್ರಶ್ನೆಯಲ್ಲ.

ಮೊದಲು ಪದವನ್ನೇ ನೋಡೋಣ. ಹೆಲ್ಮೆಟ್ ಎಂದೊಡನೆ ಸ್ಕೂಟರ್ ಸವಾರರ ಗಟ್ಟಿ ಚಿಪ್ಪು ನೆನಪಾಗುತ್ತದೆ. ಕನ್ನಡದ ‘ಶಿರಸ್ತ್ರಾಣ’ ಎಂಬ ಮಾತಿನಲ್ಲೇ ರಕ್ಷಣೆಯ ಅರ್ಥ ಸೇರಿದೆ. ಆದರೆ ಆ ಕಾಲದ ಪೈಲಟ್‌ಗಳು ಧರಿಸುತ್ತಿದ್ದುದು ಮೆತ್ತನೆಯ ಟೋಪಿ. ಹೊರಗೆ ಚರ್ಮ ಅಥವಾ ಬಟ್ಟೆ, ಚಳಿಗಾಲದ್ದಾದರೆ ಒಳಗೆ ತುಪ್ಪಳ, ಕಿವಿ ಮುಚ್ಚುವ ಅಂಚು, ಗಲ್ಲದ ಕೆಳಗೆ ಬಿಗಿಯುವ ಪಟ್ಟಿ. ವಿಮಾನ ಅಪ್ಪಳಿಸಿದರೆ ಅದು ತಲೆಯನ್ನು ಉಳಿಸುತ್ತಿರಲಿಲ್ಲ. ಅದಕ್ಕೆಂದು ಮಾಡಿದ್ದೂ ಅಲ್ಲ. ಪೈಲಟ್‌ಗಳಲ್ಲಿ ಗಟ್ಟಿ ಹೆಲ್ಮೆಟ್ ಬಳಕೆಗೆ ಬಂದದ್ದು ಯುದ್ಧ ಮುಗಿದ ಮೇಲೆ, ಜೆಟ್ ವಿಮಾನಗಳ ಕಾಲದಲ್ಲಿ.

ಹಾಗಾದರೆ ಆ ಟೋಪಿಯ ಕೆಲಸವೇನು? ಮಾಗಿಯ ಮುಂಜಾನೆ ಬರಗೂರಿನಿಂದ ಶಿರಾಕ್ಕೆ ಮೊಪೆಡ್ಡಿನಲ್ಲಿ ಹೋದವರನ್ನು ಕೇಳಿ. ತಲೆಗೆ ಟವೆಲ್ ಸುತ್ತಿಕೊಳ್ಳದಿದ್ದರೆ ಕಿವಿ ಮರಗಟ್ಟುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ, ಹಿಂದೆ ಕುಳಿತವರ ಮಾತು ಕೇಳಿಸದು. ವಿಮಾನದಲ್ಲಿ ಈ ಕಷ್ಟ ಹಲವು ಪಟ್ಟು ಹೆಚ್ಚು. ಒಂದೊಂದು ಕಿಲೋಮೀಟರ್ ಮೇಲೇರಿದಂತೆ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ನೆಲದ ಮೇಲೆ 20 ಡಿಗ್ರಿ ಇದ್ದರೆ 6 ಕಿಲೋಮೀಟರ್ ಎತ್ತರದಲ್ಲಿ ಸೊನ್ನೆಗಿಂತ 19 ಡಿಗ್ರಿ ಕೆಳಗೆ! ಜೀರೋ ಯುದ್ಧವಿಮಾನದಲ್ಲಿ ಪೈಲಟ್‌ನ ಮುಂದೆಯೇ 14 ಸಿಲಿಂಡರಿನ ಎಂಜಿನ್ ಅಬ್ಬರಿಸುತ್ತಿತ್ತು. ಟೋಪಿ ಚಳಿಯನ್ನೂ ಸದ್ದನ್ನೂ ತಗ್ಗಿಸುತ್ತಿತ್ತು. ರೇಡಿಯೋ ಇದ್ದ ವಿಮಾನಗಳಲ್ಲಿ ಅದರ ಕೇಳುಗುಂಡಿಗಳನ್ನು ಕಿವಿಗೆ ಒತ್ತಿ ಹಿಡಿಯುತ್ತಿತ್ತು. ಗಾಳಿ ಕನ್ನಡಕವನ್ನು ಜಾರದಂತೆ ನಿಲ್ಲಿಸುತ್ತಿತ್ತು.

ಅದೇ ವರ್ಷಗಳಲ್ಲಿ, 1940ರಲ್ಲಿ ಆರಂಭವಾದ ನಮ್ಮ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ದುರಸ್ತಿಯಾಗುತ್ತಿದ್ದವು. ಅವನ್ನು ಹಾರಿಸುತ್ತಿದ್ದವರ ತಲೆಯ ಮೇಲೂ ಇಂಥದೇ ಟೋಪಿ. ಹಾರುವವನು ಯಾವ ಪಕ್ಷದವನಾದರೂ ಆಕಾಶದ ಚಳಿ ಒಂದೇ.

ಸಾವು ಕ್ಷಣಮಾತ್ರದ್ದು; ಅದಕ್ಕೆ ಮುಂಚಿನ ಹಾರಾಟ ದೀರ್ಘ. ದಕ್ಷಿಣ ಜಪಾನಿನ ಚಿರಾನ್ ನೆಲೆಯಿಂದ ಓಕಿನಾವಾಕ್ಕೆ ಸುಮಾರು 650 ಕಿಲೋಮೀಟರ್. ಅಷ್ಟು ಹೊತ್ತೂ ಪೈಲಟ್ ಎಚ್ಚರವಾಗಿದ್ದು ದಾರಿ ಕಾಣಬೇಕು, ಗುರಿ ಹುಡುಕಬೇಕು. ಗುರಿ ಸಿಗದೆ, ಮೋಡ ಕವಿದು, ಎಂಜಿನ್ ಕೆಟ್ಟು ಹಿಂದಿರುಗಿದವರೂ ಉಂಟು. ತೋಮೋಜಿ ಸಸಾಕಿ ಎಂಬ ಸೇನಾ ಪೈಲಟ್‌ನನ್ನು ಫಿಲಿಪೀನ್ಸ್‌ನಲ್ಲಿ ಒಂಬತ್ತು ಸಲ ಇಂಥ ದಾಳಿಗೆ ಕಳುಹಿಸಿದರು. ಒಂಬತ್ತು ಸಲವೂ ಆತ ಜೀವಂತವಾಗಿ ಮರಳಿದ. ಬಾಂಬನ್ನು ಹಾಕಿ ಹಿಂದಿರುಗುವುದೇ ಪೈಲಟ್‌ನ ಕೆಲಸ ಎಂಬುದು ಆತನ ನಂಬಿಕೆ. ಆತ ತೀರಿಕೊಂಡದ್ದು 2016ರಲ್ಲಿ, 92ರ ವಯಸ್ಸಿನಲ್ಲಿ.

ಎಲ್ಲರಿಗೂ ಆ ಭಾಗ್ಯವಿರಲಿಲ್ಲ. 1944ರ ಅಕ್ಟೋಬರ್ 25ರಂದು ಲೇಟೆ ಕೊಲ್ಲಿಯ ಕದನದಲ್ಲಿ ಕಾಮಿಕಾಜೆ ದಳದ ಮೊದಲ ದೊಡ್ಡ ದಾಳಿ ನಡೆಯಿತು. ಯುದ್ಧ ಮುಗಿಯುವುದರೊಳಗೆ ಮೂರು ಸಾವಿರಕ್ಕೂ ಹೆಚ್ಚು ಯುವಕರು ಹೀಗೆ ಸತ್ತರು. ಅವರಲ್ಲಿ ಅನೇಕರು ನಿಮ್ಮಂತೆಯೇ ಕಾಲೇಜು ವಿದ್ಯಾರ್ಥಿಗಳು. ಸೈನ್ಯಕ್ಕೆ ಸೇರುವುದರಿಂದ ವಿದ್ಯಾರ್ಥಿಗಳಿಗಿದ್ದ ವಿನಾಯಿತಿಯನ್ನು 1943ರಲ್ಲಿ ಜಪಾನ್ ಸರ್ಕಾರ ತೆಗೆದುಹಾಕಿತು. ಸಾಹಿತ್ಯ, ಕಾನೂನು ಓದುತ್ತಿದ್ದವರು ಹೊರಟರು. ವಿಜ್ಞಾನ, ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಬಹುಮಟ್ಟಿಗೆ ಉಳಿಸಿಕೊಂಡರು. ಯುದ್ಧಕ್ಕೆ ಅವರು ಬೇರೆ ರೀತಿಯಲ್ಲಿ ಬೇಕಾಗಿದ್ದರು. ವಿಜ್ಞಾನ ಓದಿದ ನನಗೆ ಈ ಸಂಗತಿ ಇಂದಿಗೂ ಚುಚ್ಚುತ್ತದೆ.

ಇಷ್ಟನ್ನೂ ಬರಗೂರಿನ ಆ ಹುಡುಗನಿಗೆ ವಿವರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: “ಹಂಗಾದ್ರೆ ಸಾರ್, ಅವರಿಗೆ ಚಳಿಯಾಗದ ಹಂಗೆ ನೋಡ್ಕೊಂಡ್ರು, ಸಾಯದ ಹಂಗೆ ನೋಡ್ಕೊಳ್ಳಲಿಲ್ಲ.”

ಈ ಸಲ ಯಾರೂ ನಗಲಿಲ್ಲ.