ಅವ್ವನ ಕೈತೋಟಕ್ಕೆ ನಾನು ಹಚ್ಚಿದ ಮಷೀನು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯ 2004ರ ಎಸ್‌ಎಸ್‌ಎಲ್‌ಸಿ ಬ್ಯಾಚಿನವನು. ಮುಂದೆ ಬಿ.ಇ. ಮುಗಿಸಿ ಈಗ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ನನ್ನನ್ನು ಕರೆದವರು, "ನೀವು ತಂತ್ರಜ್ಞಾನದ ಬಗ್ಗೆ ನಾಲ್ಕು ಮಾತು ಹೇಳಬೇಕು" ಅಂದರು. ದೊಡ್ಡ ದೊಡ್ಡ ಮಾತು ಹೇಳುವ ಬದಲು, ಹುಮನಾಬಾದಿನ ನಮ್ಮ ಮನೆಯ ಹಿತ್ತಲಲ್ಲಿ ನಾನು ಮಾಡಿದ ಒಂದು ಸಣ್ಣ ಕೆಲಸವನ್ನೂ, ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ.

ಮೊದಲು ಶಾಲೆಯ ಮಾತು. ಕಾಂಪೌಂಡಿನ ಪಡುವಣಕ್ಕೆ ನಿಂತಿರುವ ಬೇವಿನ ಗಿಡಗಳನ್ನು ನೋಡಿ. ಅವನ್ನು ಹಚ್ಚಿದಾಗ ನಾವು ಎಂಟನೆಯ ತರಗತಿಯಲ್ಲಿದ್ದೆವು. ನಮ್ಮ ವಿಜ್ಞಾನದ ಗುರುಗಳು ಇಬ್ಬಿಬ್ಬರಿಗೆ ಒಂದೊಂದು ಗಿಡ ಹಂಚಿದ್ದರು. ಬೋರಿಂಗಿನಿಂದ ಕೊಡ ಹೊತ್ತು ತರಬೇಕು. ಆದರೆ ನೀರು ಹಾಕುವ ಮೊದಲು ಒಂದು ನಿಯಮ: ಬೆರಳನ್ನು ಎರಡನೆಯ ಗೆಣ್ಣಿನ ತನಕ ಮಣ್ಣಲ್ಲಿ ಇಳಿಸಿ ನೋಡಬೇಕು. ತಂಪು ಹತ್ತಿದರೆ ಆ ದಿನ ನೀರು ಬೇಡ. ನಾವು ನಗುತ್ತಿದ್ದೆವು. ಉಗುರಲ್ಲಿ ಮಣ್ಣು ಸೇರುತ್ತದೆ ಎಂದು ಕೆಲವರು ಬೆರಳು ಹಾಕಿದಂತೆ ನಟಿಸುತ್ತಿದ್ದರು. ಅಂಥವರಲ್ಲಿ ನಾನೂ ಒಬ್ಬ. ಆ ಬೆರಳಿನ ಬೆಲೆ ತಿಳಿಯಲು ನನಗೆ ಮುಂದೆ ಇಪ್ಪತ್ತು ವರ್ಷ ಹಿಡಿಯಿತು.

2020ರ ಲಾಕ್‌ಡೌನಿನಲ್ಲಿ ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಅಂದರು. ನಾನು ಹುಮನಾಬಾದಿಗೆ ಬಂದೆ. ಅಪ್ಪ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಮನೆಯಲ್ಲಿ ಅವ್ವ ಒಬ್ಬಳೇ. ಹಿತ್ತಲಲ್ಲಿ ಅಪ್ಪ ಹೊಲದಿಂದ ಟ್ರ್ಯಾಕ್ಟರಿನಲ್ಲಿ ತರಿಸಿ ಹಾಕಿದ್ದ ಕರಿ ಎರೆಮಣ್ಣು, ಒಂದು ನಿಂಬೆಗಿಡ, ಕರಿಬೇವು, ಮಲ್ಲಿಗೆ. ನಿಂಬೆಗಿಡ ಅಪ್ಪನೇ ಹಚ್ಚಿದ್ದು. ನಾನು ಮತ್ತು ಅವ್ವ ಸೇರಿ ಅಲ್ಲಿ ಬದನೆ, ಟೊಮ್ಯಾಟೊ, ಮೆಂತ್ಯ, ಪುಂಡಿಪಲ್ಲೆ ಬೆಳೆಯಲು ಸುರುಮಾಡಿದೆವು. ಇಪ್ಪತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಒಂದು ನೆರಳುಬಲೆ ಮನೆಯನ್ನೂ ಕಟ್ಟಿದೆವು.

ಇಲ್ಲಿ ರೈತರಿಗೆ ಒಂದು ಮಾತು. ಹಸಿರುಮನೆ ಎಂಬ ಕಲ್ಪನೆ ಚಳಿ ದೇಶಗಳದ್ದು. ಅಲ್ಲಿ ಬಿಸಿಲನ್ನು ಒಳಗೆ ಹಿಡಿದಿಡಬೇಕು, ಅದಕ್ಕೆ ಗಾಜು ಇಲ್ಲವೆ ಪ್ಲಾಸ್ಟಿಕ್. ನಮ್ಮ ಬೀದರ ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಗಾಳಿ ಸರಿಯಾಗಿ ಆಡದ ಪ್ಲಾಸ್ಟಿಕ್ ಮನೆ ಇಲ್ಲಿ ಭಟ್ಟಿಯಾಗುತ್ತದೆ. ಹಗಲಿನ ಶಾಖ 35 ಡಿಗ್ರಿಯ ಮೇಲೆ ನಿಂತರೆ ಟೊಮ್ಯಾಟೊ ಹೂ ಕಾಯಿಕಟ್ಟದೆ ಉದುರುತ್ತದೆ. ಆದ್ದರಿಂದ ನಮಗೆ ಮನೆಮಟ್ಟಿಗೆ ಅರ್ಧ ಬಿಸಿಲು ತಡೆಯುವ ಬಲೆಯೇ ಸರಿ.

2022ರ ಆರಂಭದಲ್ಲಿ ಕಂಪನಿಯವರು ಆಫೀಸಿಗೆ ಬರಲು ಹೇಳಿದರು. ಅವ್ವನಿಗೆ ಮೊಳಕಾಲು ನೋವು. ದಿನಾ ಹತ್ತು ಹನ್ನೆರಡು ಕೊಡ ನೀರು ಹೊತ್ತು ಹಾಕುವುದು ಆಗದ ಮಾತು. ತೋಟ ಬಿಡು ಅಂದರೆ ಬಿಡುವವಳಲ್ಲ. "ನಾನು ಎಂಜಿನಿಯರ್ ಇದ್ದೀನಲ್ಲ, ಇದಕ್ಕೊಂದು ಮಷೀನು ಮಾಡ್ತೀನಿ" ಅಂದೆ.

ಮಷೀನು ಅಂದರೆ ಏನೂ ದೊಡ್ಡದಲ್ಲ, ಮಕ್ಕಳೇ. ಅಂಗೈಗಿಂತ ಸಣ್ಣ ಒಂದು ವೈಫೈ ಬೋರ್ಡು, ಮೂರು ನಾಲ್ಕು ನೂರು ರೂಪಾಯಿಗೆ ಸಿಗುತ್ತದೆ. ಮಣ್ಣಿನ ತೇವ ನೋಡುವ ಒಂದು ಸೆನ್ಸರ್. ಶಾಖ ಮತ್ತು ಗಾಳಿಯ ತೇವ ನೋಡುವ ಇನ್ನೊಂದು. ನೀರು ಬಿಡುವ, ನಿಲ್ಲಿಸುವ ವಾಲ್ವ್. ಕೊನೆಗೆ ಡ್ರಿಪ್ ಪೈಪು. ಒಳಗಿನ ಪ್ರೋಗ್ರಾಮು ನಿಮ್ಮ ವ್ಯಾಕರಣದ 'ರೆ' ಪ್ರತ್ಯಯದಷ್ಟೇ: ಮಣ್ಣು ಒಣಗಿದ್ದರೆ ನೀರು ಬಿಡು, ತೇವ ಇದ್ದರೆ ಬಿಡಬೇಡ.

ಆದರೆ ಪುಸ್ತಕದಲ್ಲಿ ಇದ್ದಂತೆ ಹಿತ್ತಲಲ್ಲಿ ಇರುವುದಿಲ್ಲ. ಮೊದಲ ಪಾಠ ಒತ್ತಡದ್ದು. ನಮ್ಮ ನೀರಿನ ಟಾಕಿ ನಾಲ್ಕು ಅಡಿ ಎತ್ತರದ ಕಟ್ಟೆಯ ಮೇಲಿತ್ತು. ಅಗ್ಗದ ಸೊಲೆನಾಯ್ಡ್ ವಾಲ್ವ್ ಸರಿಯಾಗಿ ತೆರೆಯಬೇಕಾದರೆ ನೀರಿನ ಮಟ್ಟ ಸುಮಾರು ಎರಡು ಮೀಟರ್ ಎತ್ತರದಲ್ಲಿರಬೇಕು. ನಮ್ಮದು 'ಟಕ್' ಎಂದು ಸದ್ದು ಮಾಡುತ್ತಿತ್ತು, ನೀರು ಬರುತ್ತಿರಲಿಲ್ಲ. ಡ್ರಿಪ್ಪಿನದೂ ಅದೇ ಕಥೆ. ತಾಸಿಗೆ ನಾಲ್ಕು ಲೀಟರ್ ಎಂದು ಬರೆದಿದ್ದ ಡ್ರಿಪ್ಪರಿನ ಕೆಳಗೆ ಬಟ್ಟಲು ಇಟ್ಟು ಅಳೆದರೆ, ತಾಸಿಗೆ ಒಂದೂವರೆ ಲೀಟರೂ ಸರಿಯಾಗಿ ಬರುತ್ತಿರಲಿಲ್ಲ. ಬರೆದ ಅಂಕಿ ಪಂಪಿನ ಒತ್ತಡ ಇದ್ದಾಗಿನದು. ಡ್ರಿಪ್ ಹಾಕುವವರು ಪಾಕೀಟಿನ ಅಂಕಿಗಿಂತ ಬಟ್ಟಲನ್ನು ನಂಬಿ.

ಎರಡನೆಯ ಪಾಠ ಕರೆಂಟಿನದು. ಸೊಲೆನಾಯ್ಡ್ ತೆಗೆದು ಮೋಟರಿನಿಂದ ತಿರುಗುವ ಬಾಲ್ ವಾಲ್ವ್ ಹಾಕಿದೆ. ಅದಕ್ಕೆ ಒತ್ತಡ ಬೇಡ, ಸರಿ. ಆದರೆ ಸೊಲೆನಾಯ್ಡ್ ಕರೆಂಟ್ ಹೋದರೆ ತಾನೇ ಮುಚ್ಚಿಕೊಳ್ಳುತ್ತದೆ. ನಾನು ಹಾಕಿದ ಬಾಲ್ ವಾಲ್ವ್ ಇದ್ದಲ್ಲಿಯೇ ನಿಲ್ಲುವಂಥದು. ಏಪ್ರಿಲ್ ತಿಂಗಳ ಒಂದು ರಾತ್ರಿ ವಾಲ್ವ್ ತೆರೆದಿದ್ದಾಗ ಕರೆಂಟ್ ಹೋಯಿತು. ಬೆಳಗಾಗುವುದರಲ್ಲಿ 500 ಲೀಟರಿನ ಟಾಕಿ ಖಾಲಿ. ಅವತ್ತು ನಳದ ನೀರಿನ ಪಾಳಿಯೂ ಇರಲಿಲ್ಲ. ಅವ್ವ ನೆರೆಮನೆಯಿಂದ ಎರಡು ಕೊಡ ಬೇಡಿ ತಂದು ಅಡುಗೆ ಮಾಡಿದಳು. ಅದಕ್ಕೆ ಉಪಾಯ ಮಾಡಿದ್ದು ಕಂಪ್ಯೂಟರಿನಿಂದಲ್ಲ, ಒಂದು ಡ್ರಮ್ಮಿನಿಂದ. ತೋಟಕ್ಕೆ ಬೇರೆಯೇ 100 ಲೀಟರಿನ ಡ್ರಮ್ ಇಟ್ಟೆ. ಅವ್ವ ಬೆಳಿಗ್ಗೆ ನಳದ ಪೈಪು ಹಚ್ಚಿ ಅದನ್ನು ತುಂಬುವುದು, ಮಷೀನು ಅದರಿಂದ ಮಾತ್ರ ನೀರು ಬಿಡುವುದು. ಮಷೀನಿಗೆ ಹುಚ್ಚು ಹಿಡಿದರೂ ನಷ್ಟ 100 ಲೀಟರಿಗಿಂತ ಹೆಚ್ಚಿಲ್ಲ.

ಬೇಸಿಗೆ ಚೆನ್ನಾಗಿಯೇ ಹೋಯಿತು. ಬಲೆಯೊಳಗೆ ಮಂಜಿನಂತೆ ನೀರು ಚಿಮ್ಮುವ ಫಾಗರ್‌ಗಳನ್ನೂ ಸಣ್ಣ ಪಂಪಿಗೆ ಜೋಡಿಸಿದ್ದೆ. ನಮ್ಮ ಏಪ್ರಿಲ್, ಮೇ ಗಾಳಿ ಒಣಗಾಳಿ. ಹನಿ ಆವಿಯಾಗುವಾಗ ಶಾಖ ಹೀರಿಕೊಂಡು ತಂಪು ಮಾಡುತ್ತದೆ. ಮಡಕೆಯ ನೀರು ತಂಪಾಗುವುದೂ ಹೀಗೆಯೇ. ಮಳೆಗಾಲದಲ್ಲಿ ಗಾಳಿಯೇ ತೇವ ಇರುವಾಗ ಅದೇ ಫಾಗರ್ ತಂಪನ್ನೂ ಕೊಡುವುದಿಲ್ಲ, ಎಲೆಗೆ ಬೂಷ್ಟು ಬೇರೆ ತರುತ್ತದೆ. ಆದ್ದರಿಂದ ಶಾಖ ಹೆಚ್ಚಿರಬೇಕು, ಗಾಳಿಯೂ ಒಣಗಿರಬೇಕು, ಎರಡೂ ಕೂಡಿದರೆ ಮಾತ್ರ ಅರ್ಧ ನಿಮಿಷ ಚಿಮ್ಮಲಿ ಎಂದು ಬರೆದೆ. ಹೈದರಾಬಾದಿನಲ್ಲಿ ಕೂತು ಮೊಬೈಲಿನಲ್ಲಿ ಹಿತ್ತಲಿನ ಶಾಖ ನೋಡುತ್ತಿದ್ದೆ, ಆಫೀಸಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದೆ. ಸುಳ್ಳು ಹೇಳುವುದಿಲ್ಲ, ಹೆಮ್ಮೆ ಇತ್ತು.

ಇನ್ನು ತಪ್ಪಿನ ಮಾತು. ನಾನು ಹಾಕಿದ್ದು ಎರಡು ಕಡ್ಡಿಯ ಅಗ್ಗದ ತೇವದ ಸೆನ್ಸರ್. ಅದು ಮಣ್ಣಿನಲ್ಲಿ ಸಣ್ಣ ಕರೆಂಟ್ ಹರಿಸಿ ನೋಡುತ್ತದೆ. ಮಣ್ಣು ತೇವ ಇದ್ದಷ್ಟೂ ಕರೆಂಟ್ ಸುಲಭವಾಗಿ ಹರಿಯುತ್ತದೆ. ಇಪ್ಪತ್ತನಾಲ್ಕು ತಾಸು ಕರೆಂಟ್ ಹರಿಸಿದರೆ ಕೆಲವು ತಿಂಗಳಲ್ಲಿ ಕಡ್ಡಿಯ ಲೋಹ ಸವೆದುಹೋಗುತ್ತದೆ. ಹತ್ತನೆಯ ತರಗತಿಯಲ್ಲಿ ಓದಿದ ವಿದ್ಯುದ್ವಿಭಜನೆಯೇ ಇದು. ಸವೆದ ಕಡ್ಡಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಆಗ ಸೆನ್ಸರ್ ಹೇಳುವುದು ಒಂದೇ ಮಾತು: ಮಣ್ಣು ಒಣಗಿದೆ.

ಶ್ರಾವಣ ಬಂತು, ಮಳೆ ಹಿಡಿಯಿತು. ಸೆನ್ಸರ್ "ಒಣಗಿದೆ" ಎನ್ನುತ್ತಲೇ ಇತ್ತು. ಮಷೀನು ದಿನಾ ಡ್ರಮ್ ಖಾಲಿ ಮಾಡುತ್ತಲೇ ಇತ್ತು. ಅವ್ವ ದಿನಾ ತುಂಬುತ್ತಲೇ ಇದ್ದಳು. ಮಳೆಯಲ್ಲಿ ಸೆರಗು ತಲೆಯ ಮೇಲೆ ಹೊದ್ದುಕೊಂಡು ತುಂಬುತ್ತಿದ್ದಳಂತೆ. ಎರೆಮಣ್ಣು ನೀರು ಹಿಡಿದರೆ ಬಿಡುವುದಿಲ್ಲ ಎಂಬುದು ನಿಮಗೆ ಗೊತ್ತು. ಬೇರಿಗೆ ಗಾಳಿ ಸಿಗದೆ ಕೊಳೆಯತೊಡಗಿತು. ಬೇರು ಕೊಳೆತ ಗಿಡ ನೀರಿಲ್ಲದ ಗಿಡದಂತೆಯೇ ಬಾಡುತ್ತದೆ. ಫೋಟೋದಲ್ಲಿ ಬಾಡಿದ ಎಲೆ ನೋಡಿ ನಾನು ಮಾಡಿದ್ದೇನು ಗೊತ್ತೇ? ನೀರಿನ ಸಮಯವನ್ನು ಹತ್ತು ನಿಮಿಷ ಹೆಚ್ಚಿಸಿದೆ.

ಊರಿಗೆ ಬಂದು ನೋಡಿದಾಗ ಟೊಮ್ಯಾಟೊ ಮಡಿ ಪೂರ್ತಿ ಹೋಗಿತ್ತು. ಅದು ಹೋಗಲಿ, ಮತ್ತೆ ಹಚ್ಚಬಹುದು. ನಾಲ್ಕು ಡ್ರಿಪ್ಪರ್ ಹಾಕಿದ್ದ ಅಪ್ಪನ ನಿಂಬೆಗಿಡವೂ ಎಲೆ ಉದುರಿಸಿ ನಿಂತಿತ್ತು. ಕಾಂಡದ ಬುಡದಲ್ಲಿ ತೊಗಟೆ ಕೈಗೆ ಬಂತು. ಅದು ಮತ್ತೆ ಚಿಗುರಲಿಲ್ಲ.

ನಾನು ಸಿಟ್ಟಿನಿಂದ, "ಅವ್ವಾ, ಇಷ್ಟು ಮಳಿ ಬರುವಾಗ ನೀರು ಯಾಕ ತುಂಬಿದಿ?" ಅಂದೆ. ಅವ್ವ ಹೇಳಿದ ಮಾತು ಹೀಗಿತ್ತು: "ನನಗೂ ಅನಿಸಿತ್ತು ತಮ್ಮಾ, ಮಳಿ ಬರಲಕತ್ತದ, ಮತ್ಯಾಕ ನೀರ್ ಬಿಡಲಕತ್ತದ ಇದು ಅಂತ. ಖರೆ ನೀ ಓದಿದವ, ನೀ ಮಾಡಿದ್ದ ಮಷೀನ್ ಅದ. ನನಗೇನ್ ತಿಳೀತದ ಅಂತ ಸುಮ್ನಿದ್ದೆ."

ಬಂಧುಗಳೇ, ಈ ಮಾತನ್ನು ಹೇಳುವ ಸಲುವಾಗಿಯೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ. ಅವ್ವ ನಲವತ್ತು ವರ್ಷ ಹೊಲ ಮಾಡಿದವಳು. ತೊಗರಿಗೆ ಯಾವಾಗ ನೀರು, ಉದ್ದಿಗೆ ಯಾವಾಗ ಬೇಡ, ಎಲ್ಲ ಬಲ್ಲವಳು. ಸೆನ್ಸರ್ ಕೆಟ್ಟಿದ್ದು ಸಣ್ಣ ತಪ್ಪು, ನೂರು ರೂಪಾಯಿಯ ತಪ್ಪು. ತಿಳಿದವಳು "ನನಗೇನು ತಿಳಿಯುತ್ತದೆ" ಎಂದು ಸುಮ್ಮನಾಗುವಂತೆ ಮಾಡಿದ್ದು ನನ್ನ ದೊಡ್ಡ ತಪ್ಪು. ನಾನು ಅವಳ ಕೊಡದ ಭಾರ ಇಳಿಸಲು ಹೋಗಿದ್ದೆ, ಅದರ ಜೊತೆಗೆ ಅವಳ ಮಾತನ್ನೂ ಇಳಿಸಿಬಿಟ್ಟಿದ್ದೆ.

ಆಮೇಲೆ ಮಷೀನನ್ನು ಬೇರೆ ರೀತಿ ಕಟ್ಟಿದೆ. ಲೋಹ ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಸೆನ್ಸರ್ ಮೂರು ಹಾಕಿದೆ. ಮೂರರಲ್ಲಿ ನಡುವಿನ ಅಂಕಿಯನ್ನು ಮಾತ್ರ ನಂಬುತ್ತದೆ, ಒಂದು ಕೆಟ್ಟರೂ ಕೆಲಸ ಕೆಡುವುದಿಲ್ಲ. ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ನೀರು ಬಿಡದಂತೆ ಮಿತಿ ಇದೆ. ನೀರು ಬಿಟ್ಟ ಮೇಲೂ ತೇವದ ಅಂಕಿ ಬದಲಾಗದಿದ್ದರೆ ಸೆನ್ಸರ್ ಕೆಟ್ಟಿದೆ ಎಂದು ತಿಳಿದು, ನಿಂತು, ನನ್ನ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಕಳಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಡುಗೆಮನೆಯ ಬಾಗಿಲ ಬಳಿ ಒಂದು ಕೆಂಪು ಗುಂಡಿ. ಅವ್ವ ಬೆಳಿಗ್ಗೆ ಮಡಿಯಲ್ಲಿ ಬೆರಳು ಇಳಿಸಿ ನೋಡುತ್ತಾಳೆ. ತಂಪು ಹತ್ತಿದರೆ ಗುಂಡಿ ಒತ್ತುತ್ತಾಳೆ. ಅವತ್ತು ಮಷೀನು ಏನೇ ಅನ್ನಲಿ, ನಾನೂ ಏನೇ ಅನ್ನಲಿ, ನೀರು ಬಿಡುವುದಿಲ್ಲ. ನಮ್ಮ ಗುರುಗಳ ಆ ಹಳೆಯ ನಿಯಮ ಕೊನೆಗೆ ನನ್ನ ಪ್ರೋಗ್ರಾಮಿನ ಮೊದಲ ಸಾಲಾಯಿತು. ಅಪ್ಪನ ನಿಂಬೆಯ ಜಾಗದಲ್ಲಿ ಅವ್ವ ಹೊಸ ನಿಂಬೆಸಸಿ ಹಚ್ಚಿದ್ದಾಳೆ. ಅದಕ್ಕೆ ಡ್ರಿಪ್ ಹಾಕಲು ಬಿಟ್ಟಿಲ್ಲ. ತಂಬಿಗೆಯಲ್ಲಿ ತಾನೇ ನೀರು ಹಾಕುತ್ತಾಳೆ.

ತಾನೇ ನಡೆಯುವ ವ್ಯವಸ್ಥೆ ನಮಗೆ ಹೊಸದೇನಲ್ಲ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ. ನೆಲದೊಳಗೆ ಇಳಿಜಾರು ಕೊರೆದು, ಎತ್ತು, ಮೋಟರು ಯಾವುದೂ ಇಲ್ಲದೆ ನೀರು ಹರಿಸಿದ ಕೆಲಸ ಅದು. ನಮ್ಮ ಕಾಲದಲ್ಲಿ ಪುಣೆಯ ಸಂತೋಷ್ ಓಸ್ತವಾಲ್ ಎಂಬ ಎಂಜಿನಿಯರ್ 'ನ್ಯಾನೋ ಗಣೇಶ್' ಎಂಬ ಸಾಧನ ಮಾಡಿ, ರೈತರು ಮೊಬೈಲಿನಿಂದಲೇ ಪಂಪ್ ಸುರುಮಾಡುವಂತೆ ಮಾಡಿದರು. ರಾತ್ರಿ ತ್ರೀಫೇಸ್ ಬಂತೆಂದು ಹಾವು ಚೇಳಿನ ನಡುವೆ ಹೊಲಕ್ಕೆ ಹೋದವರಿಗೆ ಅದರ ಬೆಲೆ ಗೊತ್ತು. ಇಂಥವು ಬೇಕು. ಆದರೆ ಪಂಪ್ ಸುರುವಾಯಿತೆಂದು ಮೊಬೈಲ್ ಹೇಳಬಹುದು, ಒಡ್ಡು ಒಡೆದು ನೀರು ಪಕ್ಕದ ಹೊಲಕ್ಕೆ ಹರಿಯುವುದನ್ನು ಅದು ಹೇಳಲಾರದು. ಕಾಯಕದ ಮಾತು ಬೆಳೆದ ಕಲ್ಯಾಣದ ನೆಲ ನಮ್ಮದು. ಮಷೀನು ನಮ್ಮ ಭಾರ ಹೊರಲಿ, ಕಾಯಕ ಮಾತ್ರ ನಮ್ಮದೇ ಇರಲಿ.

ಕೊನೆಗೆ ಒಂದು ವಿನಂತಿ. ನಮ್ಮ 2004ರ ಬ್ಯಾಚಿನವರು ಸೇರಿ ಶಾಲೆಯ ಬಿಸಿಯೂಟದ ಅಡುಗೆಕೋಣೆಯ ಹಿಂದೆ ಒಂದು ಕೈತೋಟ ಮಾಡಿಕೊಡಲು ನಿರ್ಧರಿಸಿದ್ದೇವೆ. ಡ್ರಮ್, ಡ್ರಿಪ್, ನೆರಳುಬಲೆ, ಒಂದು ಬೋರ್ಡು, ಮೂರು ಸೆನ್ಸರ್ ನಮ್ಮ ಕಡೆಯಿಂದ. ಜೊತೆಗೆ ಒಂದು ಮಡಿಯಲ್ಲಿ ಕರೆಂಟೇ ಬೇಡದ ಪದ್ಧತಿ ಇರಲಿ: ಕುಂಬಾರರ ಮಣ್ಣಿನ ಮಡಕೆಯನ್ನು ಕುತ್ತಿಗೆಯ ತನಕ ಹುಗಿದು ನೀರು ತುಂಬಿ ಮುಚ್ಚಿಟ್ಟರೆ, ಮಣ್ಣು ಒಣಗಿದಂತೆ ನೀರು ತಾನೇ ಜಿನುಗುತ್ತದೆ. ಯಾವ ಮಡಿ ಗೆಲ್ಲುತ್ತದೆ ಎಂದು ಮಕ್ಕಳೇ ಅಳೆದು ಬರೆಯಲಿ. ಪ್ರೋಗ್ರಾಮು ಬರೆಯುವುದನ್ನು ಕಲಿಸಲು ತಿಂಗಳಿಗೊಂದು ಶನಿವಾರ ನಾನು ಬರುತ್ತೇನೆ.

ನಮ್ಮದು ಒಂದೇ ಷರತ್ತು. ಪ್ರತಿ ಗಿಡಕ್ಕೂ ಇಬ್ಬರು ಮಕ್ಕಳ ಹೆಸರು ಇರಬೇಕು. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಆ ಇಬ್ಬರೂ ಮಣ್ಣಲ್ಲಿ ಬೆರಳು ಇಳಿಸಿ ನೋಡಬೇಕು. ನಟಿಸಬಾರದು. ಉಗುರು ತೊಳೆದುಕೊಳ್ಳಲು ನೀರು ನಮ್ಮ ಡ್ರಮ್ಮಿನಲ್ಲೇ ಇರುತ್ತದೆ.

 ಮುಂದಿನ ಸಾಲಿನಲ್ಲಿ ನಮ್ಮ ಅವ್ವ ಕೂತಿದ್ದಾಳೆ. ಇದರಲ್ಲಿ ನಾನು ಏನಾದರೂ ಹೆಚ್ಚುಕಡಿಮೆ ಹೇಳಿದ್ದರೆ ಅವಳನ್ನೇ ಕೇಳಿ. ಈಗ ಅವಳು ಸುಮ್ಮನಿರುವುದಿಲ್ಲ.