ಸಹಸ್ರಲಿಂಗಕ್ಕೆ ಬರುವ ಜನ ಮತ್ತು ನಮ್ಮ ಹೊಳೆ
(ಸಂಘದ ರಜತ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಸಂತೋಷದ ದಿನ ಇದು. ಸಾಲ, ಠೇವಣಿ, ಗೊಬ್ಬರದ ಲೆಕ್ಕವೆಲ್ಲ ವರದಿಯಲ್ಲಿ ಬಂದಿದೆ. ವರದಿಯಲ್ಲಿ ಇಲ್ಲದ ಒಂದು ಲೆಕ್ಕವನ್ನು ನಾವು ಹೇಳಬೇಕೆಂದಿದ್ದೇವೆ. ಅದು ಸಹಸ್ರಲಿಂಗದ್ದು.

ಶಿರಸಿಯಿಂದ ಯಲ್ಲಾಪುರ ರಸ್ತೆಯಲ್ಲಿ ಸುಮಾರು 17 ಕಿ.ಮೀ. ಬಂದರೆ ಶಾಲ್ಮಲೆಯ ಬಂಡೆಗಳ ಮೇಲೆ ಲಿಂಗಗಳು. ಸೋದೆಯ ಅರಸ ಸದಾಶಿವರಾಯ (1678-1718) ಕೆತ್ತಿಸಿದ್ದೆಂದು ಹೇಳುತ್ತಾರೆ. ಮಳೆಗಾಲದಲ್ಲಿ ಹೊಳೆ ಅವನ್ನು ಮುಚ್ಚಿಕೊಂಡಿರುತ್ತದೆ, ನೀರು ಇಳಿದ ಮೇಲೆ ಕಾಣುತ್ತವೆ. ಅಂದರೆ ಜನ ಬರುವ ಕಾಲ, ನಮ್ಮ ಕೊನೆಕೊಯ್ಲಿನ ಕಾಲ ಎರಡೂ ಒಂದೇ. ಅಡಿಕೆ ಸುಲಿಯಲಿಕ್ಕೇ ಆಳು ಸಿಗದ ಹೊತ್ತಿನಲ್ಲಿ ಹೊಳೆ ಕಡೆ ಯಾರು ನೋಡಬೇಕು?

ಶಿವರಾತ್ರಿ ಬರುವ ಹೊತ್ತಿಗೆ ಹರಿವು ಇನ್ನೂ ಸಣ್ಣದಾಗಿರುತ್ತದೆ. ಆ ಒಂದೇ ದಿನ ಬೀಳುವ ಎಣ್ಣೆ, ಕರ್ಪೂರದ ಮಸಿ, ಊದಿನಕಡ್ಡಿಯ ಕವರು ಯಾವುದೂ ಕೊಚ್ಚಿಹೋಗುವುದಿಲ್ಲ. ಗುಂಡಿಯಲ್ಲೇ ನಿಲ್ಲುತ್ತದೆ. ತೋಟಕ್ಕೆ ಪಂಪು ಇಟ್ಟು ನೀರು ಎತ್ತುವುದು ಇದೇ ಹೊಳೆಯಿಂದ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. "ಒಂದು ದಿನದ್ದು, ಎಂತ ಮಾಡಲೆ ಬತ್ತು?" ಅಂತ ನಾವೇ ಎಷ್ಟೋ ವರ್ಷ ಅಂದಿದ್ದೇವೆ. ಬೆಂಗಳೂರು, ಹುಬ್ಬಳ್ಳಿಯವರನ್ನು ಮಾತ್ರ ದೂರುವಂತಿಲ್ಲ. ಕವರು ಬಿಟ್ಟು ಬಂದವರಲ್ಲಿ ನಮ್ಮ ಮನೆಯವರೂ ಇದ್ದಾರೆ.

ಈಗ ಕೆಲವರು ವಾಹನ ಹೊಳೆಯ ದಂಡೆಯವರೆಗೂ ಬರುವಂತಾಗಬೇಕು ಅನ್ನುತ್ತಾರೆ. ವಯಸ್ಸಾದವರಿಗೆ ಅನುಕೂಲ ಎಂಬುದು ನಿಜ, ಆ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅಂಥವರಿಗೆ ಒಂದು ಗಾಡಿ ಇಟ್ಟರಾಯಿತು. ಎಲ್ಲರ ಕಾರೂ ದಂಡೆಗೆ ಬಂದರೆ ಮೊದಲು ಮಣ್ಣು ಸವೆಯುತ್ತದೆ, ಆಮೇಲೆ ಮರ, ಆಮೇಲೆ ದಂಡೆಯೇ ಹೊಳೆಗೆ. ಶಾಲ್ಮಲೆಯ ದಂಡೆಯ ಒಂದು ಭಾಗದ ಕಾಡನ್ನು 2012ರಲ್ಲಿ ಸರಕಾರ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಸುಮ್ಮನೆ ಅಲ್ಲ.

ನಮ್ಮಂಥದೇ ಒಂದು ಹೊಳೆ ಕಾಂಬೋಡಿಯ ದೇಶದಲ್ಲಿದೆ, ಕ್ಬಾಲ್ ಸ್ಪಿಯನ್ ಅಂತ. ಹರಿಯುವ ನೀರಿನಡಿ ಬಂಡೆಯಲ್ಲಿ ಸಾಲುಸಾಲು ಲಿಂಗಗಳು, 11ನೇ ಶತಮಾನದವು. ಅಲ್ಲಿ ವಾಹನ ಕೆಳಗೇ ನಿಲ್ಲಬೇಕು. ಕಾಡಿನಲ್ಲಿ ಸುಮಾರು ಒಂದೂವರೆ ಕಿ.ಮೀ. ನಡೆದೇ ಹತ್ತಬೇಕು. ಆದರೂ ಜಗತ್ತಿನ ಜನ ಹೋಗುತ್ತಾರೆ. ನಡೆಯಬೇಕಾದೀತು ಅಂತ ಸಹಸ್ರಲಿಂಗ ನೋಡದೆ ಹಿಂದಿರುಗುವವರು ಎಷ್ಟು ಮಂದಿ?

ದುಡ್ಡಿನ ಮಾತಿಗೆ ಬರೋಣ. 1993ರ ಪಂಚಾಯತ್ ರಾಜ್ ಕಾಯ್ದೆ ಜಾತ್ರೆ-ಉತ್ಸವಗಳಿಗೆ ಬರುವವರಿಂದ ಶುಲ್ಕ ಪಡೆಯುವ ಅಧಿಕಾರವನ್ನು ಗ್ರಾಮ ಪಂಚಾಯತಿಗೆ ಕೊಟ್ಟಿದೆ. ಆದರೆ ಒಂದು ಷರತ್ತು: ನೀರು, ಆರೋಗ್ಯ, ನೈರ್ಮಲ್ಯದ ವ್ಯವಸ್ಥೆ ಮಾಡಿರಬೇಕು. ಇದು ಬಹಳ ಸರಿಯಾದ ಷರತ್ತು. ಮೊದಲು ಪಾಯಖಾನೆ, ಆಮೇಲೆ ರಸೀದಿ.

ಇದರಲ್ಲಿ ಸಂಘದ ಪಾಲು ಎಂತದು? ಠೇವಣಿ ಇಡಿಸಿಕೊಳ್ಳುವುದು, ವಾಪಸು ಕೊಡುವುದು, ಲೆಕ್ಕ ಬರೆಯುವುದು ನಮಗೆ ಹೊಸತಲ್ಲವಲ್ಲ! ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟಲಿಗೆ ಹತ್ತು ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದುಕೊಟ್ಟವರಿಗೆ ಹಿಂದಿರುಗಿಸುತ್ತಾರೆ. ನಾವು ಹೊಳೆಗೆ ಇಳಿಯುವ ದಾರಿಯಲ್ಲಿ ನೀರಿನ ಬಾಟಲಿಗೆ ಹೀಗೇ ಮಾಡಬಹುದು. ತಿಂಡಿಗೆ ನಮ್ಮ ತೋಟದ್ದೇ ಹಾಳೆತಟ್ಟೆ ಇದೆ. ವಾಹನ ನಿಲ್ಲಿಸುವ ಜಾಗವನ್ನು ಹೊರಗಿನ ಗುತ್ತಿಗೆದಾರನಿಗೆ ಬಿಡದೆ, ಪಂಚಾಯತಿಯನ್ನೂ ಅರಣ್ಯ ಇಲಾಖೆಯನ್ನೂ ಕೇಳಿ ಸಂಘವೇ ವಹಿಸಿಕೊಂಡರೆ ಊರಿನ ನಾಲ್ಕು ಹುಡುಗರಿಗೆ ಸಂಬಳವಾದರೂ ಆದೀತು. ಬಂದ ಹಣ, ಖರ್ಚು ಎರಡನ್ನೂ ಸಂಘದ ಬೋರ್ಡಿನ ಮೇಲೆ ಬರೆದು ಹಾಕಬೇಕು. ಇಲ್ಲದಿದ್ದರೆ ಜಗಳ ನಮ್ಮೊಳಗೇ ಶುರುವಾಗುತ್ತದೆ.

ಉಪನಿಯಮ ತಿದ್ದಬೇಕಾಗಬಹುದು, ಅದು ಮಹಾಸಭೆಯ ಕೆಲಸ. ಮುಂದಿನ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇವೆ. ಅಲ್ಲಿಯವರೆಗೆ ಕಾಯದೆ, ಶಿವರಾತ್ರಿಯ ಮರುದಿನ ಬೆಳಿಗ್ಗೆ ನಾವು ಕೆಲವರು ಚೀಲ ಹಿಡಿದು ಹೊಳೆಗೆ ಇಳಿಯುವವರಿದ್ದೇವೆ. ಬರುವವರು ಒಂದು ಬುಟ್ಟಿಯನ್ನೂ ಹಿಡಿದುಕೊಂಡು ಬನ್ನಿ. ಆಸರಿಗೆಯ ವ್ಯವಸ್ಥೆ ನಮ್ಮದು.