ಎರಡು ಗಂಟೆಗೊಂದು ಮಗ್ಗುಲು



ನಿನ್ನೆ ರಾತ್ರಿ ನಿದ್ದೆಯಲ್ಲಿ ಎಷ್ಟು ಸಲ ಮಗ್ಗುಲು ಬದಲಿಸಿದಿರಿ ಎಂದು ಕೇಳಿದರೆ ನಿಮಗೆ ಹೇಳಲು ಬರುವುದಿಲ್ಲ. ಯಾರಿಗೂ ಬರುವುದಿಲ್ಲ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತಾದರೆ ತೋಳು ಜೋಮು ಹಿಡಿಯುತ್ತದೆ, ಸೊಂಟದ ಪಕ್ಕ ನೋಯುತ್ತದೆ, ಎಚ್ಚರವಾಗದೆಯೇ ಮೈ ತಾನಾಗಿ ಹೊರಳುತ್ತದೆ. ಹಗಲಲ್ಲೂ ಅಷ್ಟೆ. ಬಸ್ಸಿನ ಗಟ್ಟಿ ಸೀಟಿನ ಮೇಲೆ ಕೂತವರು ಆಗಾಗ ಈಚೆಗೆ ಆಚೆಗೆ ಸರಿದಾಡುತ್ತಲೇ ಇರುತ್ತಾರೆ. ಆ ಸಣ್ಣ ನೋವು ಮತ್ತು ಅದರ ಹಿಂದೆಯೇ ಬರುವ ಹೊರಳಾಟ ಹುಟ್ಟಿದಾಗಿನಿಂದ ನಮ್ಮ ಚರ್ಮವನ್ನು ಕಾಯುತ್ತಾ ಬಂದಿವೆ.

ಆ ಹೊರಳಾಟ ನಿಂತುಹೋದವರ ಬಗ್ಗೆ ಇವತ್ತಿನ ನನ್ನ ಮಾತು. ಲಕ್ವ ಹೊಡೆದವರು, ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ಪರ್ಶವೇ ತಿಳಿಯದವರು, ಐಸಿಯುವಿನಲ್ಲಿ ಎಚ್ಚರ ತಪ್ಪಿ ಮಲಗಿರುವವರು, ಮೂಳೆ ಮುರಿದು ಅಲುಗಾಡಲಾಗದ ವೃದ್ಧರು. ಇವರನ್ನು ನಾವು ಹಾಸಿಗೆ ಹಿಡಿದವರು ಎನ್ನುತ್ತೇವೆ. ಇವರ ಮೈಮೇಲೆ ಏಳುವ ಹುಣ್ಣಿಗೆ ಹಾಸಿಗೆ ಹುಣ್ಣು, ಬೆಡ್‌ಸೋರ್ ಎಂದು ಹೆಸರು.

ನಾನು ಸ್ಟಾಫ್ ನರ್ಸ್ ಆಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಮೂಳೆ ವಾರ್ಡಿಗೆ ಎಂಬತ್ತರ ಆಸುಪಾಸಿನ ಅಜ್ಜ ಒಬ್ಬರು ಬಂದರು. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದಿತ್ತು. ಕಾಲಿಗೆ ಬ್ಯಾಂಡೇಜು ಸುತ್ತಿ, ತೂಕ ಕಟ್ಟಿ ಎಳೆದಿಟ್ಟು, ಆಪರೇಷನ್ನಿಗೆ ಕಾಯುತ್ತಿದ್ದೆವು. ದಿನವೂ ಬಿ.ಪಿ. ನೋಡಿದೆವು, ಇಂಜೆಕ್ಷನ್ ಕೊಟ್ಟೆವು, ಬೆನ್ನು ಒರೆಸಿದೆವು. ನಾಲ್ಕನೆಯ ದಿನ ಬ್ಯಾಂಡೇಜು ಬಿಚ್ಚಿದರೆ ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಕಪ್ಪು ಕಲೆ. ಒತ್ತಿದರೆ ಮೆತ್ತಗಿತ್ತು. ಅಜ್ಜನ ಮಗ ಪಕ್ಕದಲ್ಲೇ ನಿಂತಿದ್ದರು. "ಪೆಟ್ಟು ಬಿದ್ದಿದ್ದು ಸೊಂಟಕ್ಕಲ್ವಾ ಸಿಸ್ಟರ್, ಹಿಮ್ಮಡಿ ಯಾಕೆ ಕಪ್ಪಾಯ್ತು?" ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ, ಗೊತ್ತಾಗದೆ ಕೇಳಿದ್ದು. ನಾನು ತಲೆ ತಗ್ಗಿಸಿದೆ. ಆ ಹಿಮ್ಮಡಿ ಮಾಯಲು ತಿಂಗಳುಗಳೇ ಹಿಡಿದವು. ಅಂದು ಅವರಿಗೆ ಕೊಡಲಾಗದ ಉತ್ತರವನ್ನು ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ಹೆಬ್ಬೆರಳಿನ ಉಗುರನ್ನು ಇನ್ನೊಂದು ಬೆರಳಿನಿಂದ ಒತ್ತಿ ನೋಡಿ. ಉಗುರಿನಡಿ ಬೆಳ್ಳಗಾಗುತ್ತದೆ. ಬಿಟ್ಟ ಕೂಡಲೇ ಮತ್ತೆ ಕೆಂಪೇರುತ್ತದೆ. ಒತ್ತಿದಾಗ ಅಲ್ಲಿನ ಸಣ್ಣ ರಕ್ತನಾಳಗಳು ಮುಚ್ಚಿಕೊಂಡಿದ್ದವು, ಬಿಟ್ಟಾಗ ತೆರೆದುಕೊಂಡವು. ಅಲುಗಾಡದೆ ಮಲಗಿದವರ ಬೆನ್ನಿನ ಕೆಳತುದಿ, ಸೊಂಟದ ಇಕ್ಕೆಲ, ಹಿಮ್ಮಡಿ, ಮೊಣಕೈ, ಹೆಗಲಮೂಳೆ, ತಲೆಯ ಹಿಂಭಾಗ ಇವೆಲ್ಲ ಹಾಗೆ ಒತ್ತಿ ಹಿಡಿದ ಉಗುರಿನಂತೆ. ಒಂದು ಕಡೆ ಒಳಗಿನ ಮೂಳೆ, ಇನ್ನೊಂದು ಕಡೆ ಹಾಸಿಗೆ, ನಡುವೆ ಸಿಕ್ಕಿದ ಮಾಂಸಕ್ಕೆ ರಕ್ತವಿಲ್ಲ. ಬೆರಳನ್ನು ತೆಗೆಯುವವರು ಮಾತ್ರ ಯಾರೂ ಇಲ್ಲ.

ಹಾನಿ ಹಲವು ಸಲ ಒಳಗಿನಿಂದಲೇ ಶುರುವಾಗುತ್ತದೆ. ಚರ್ಮಕ್ಕಿಂತ ಮಾಂಸಖಂಡ ಬೇಗ ಸೋಲುತ್ತದೆ. ಹೊರಗೆ ಚೆನ್ನಾಗಿ ಕಂಡ ಮಾವಿನಹಣ್ಣು ಕೊಯ್ದಾಗ ಗೊರಟೆಯ ಸುತ್ತ ಕೊಳೆತಿರುವುದನ್ನು ನೋಡಿದ್ದೀರಲ್ಲ, ಹಾಗೆ. ಮೇಲೆ ಕಪ್ಪು ಕಲೆ ಕಾಣುವ ಹೊತ್ತಿಗೆ ಮೂಳೆಯ ಹತ್ತಿರ ಮಾಂಸ ಸತ್ತು ದಿನಗಳಾಗಿರಬಹುದು. ಅಮೆರಿಕದ ವೈದ್ಯ ಮೈಕೆಲ್ ಕೋಸಿಯಾಕ್ 1959ರಲ್ಲಿ ಪ್ರಯೋಗ ಮಾಡಿ ತೋರಿಸಿದ ಸಂಗತಿ ಇಲ್ಲಿ ಮುಖ್ಯ: ಭಾರೀ ಒತ್ತಡ ಸ್ವಲ್ಪ ಹೊತ್ತಿನಲ್ಲಿ ಮಾಡುವ ಕೇಡನ್ನು, ಸಣ್ಣ ಒತ್ತಡ ಹೆಚ್ಚು ಹೊತ್ತು ಬಿದ್ದರೂ ಮಾಡುತ್ತದೆ. ಅಜ್ಜನ ಹಿಮ್ಮಡಿಯ ಮೇಲೆ ಬಿದ್ದದ್ದು ಅವರದೇ ಕಾಲಿನ ಭಾರ. ಅದು ನಾಲ್ಕು ದಿನ, ಒಂದೇ ಜಾಗದಲ್ಲಿ, ಬಿಡದೆ ಬಿದ್ದಿತು.

ಒತ್ತಡದ ಜೊತೆಗೆ ಎಳೆತವೂ ಸೇರುತ್ತದೆ. ಮಂಚದ ತಲೆಭಾಗ ಎತ್ತಿದಾಗ ರೋಗಿ ನಿಧಾನವಾಗಿ ಕೆಳಕ್ಕೆ ಜಾರುತ್ತಾರೆ. ಚರ್ಮ ಬೆಡ್‌ಶೀಟಿಗೆ ಅಂಟಿಕೊಂಡು ನಿಂತಲ್ಲೇ ನಿಲ್ಲುತ್ತದೆ, ಒಳಗಿನ ಮೂಳೆ ಜಾರುತ್ತದೆ, ನಡುವಿನ ನಾಳಗಳು ಜಗ್ಗಿ ತಿರುಚಿಕೊಳ್ಳುತ್ತವೆ. ಇದಕ್ಕೆ ಮೂತ್ರ, ಮಲ, ಬೆವರಿನ ತೇವ ಸೇರಿದರೆ ಚರ್ಮ ಬಟ್ಟೆ ಒಗೆದ ಕೈಯಂತೆ ನೆನೆದು ಬೇಗ ಸುಲಿಯುತ್ತದೆ.

ಈ ಹುಣ್ಣು ತಡೆಯಲಾಗದ್ದು, ಕಾಯಿಲೆಯ ಜೊತೆಗೇ ಬರುವಂಥದ್ದು ಎಂಬ ನಂಬಿಕೆ ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸಿನ ಹೆಸರಾಂತ ನರವೈದ್ಯ ಶಾರ್ಕೋ, ನರಗಳು ಕೆಟ್ಟದ್ದರಿಂದಲೇ ಹುಣ್ಣಾಗುತ್ತದೆ, ಅದು ಸಾವಿನ ಮುನ್ಸೂಚನೆ ಎಂದು ಬರೆದರು. ಅದೇ ಕಾಲದ ಇನ್ನೊಬ್ಬ ವೈದ್ಯ ಬ್ರೌನ್-ಸೆಕಾರ್ ಒಪ್ಪಲಿಲ್ಲ. ಬೆನ್ನುಹುರಿ ಕತ್ತರಿಸಿದ ಪ್ರಾಣಿಗಳನ್ನೂ ಒತ್ತಡವಿಲ್ಲದೆ ಶುಚಿಯಾಗಿ ಇಟ್ಟರೆ ಹುಣ್ಣಾಗುವುದಿಲ್ಲ ಎಂದು ಅವರು ತೋರಿಸಿದ್ದರು. ಇಂಗ್ಲೆಂಡಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಪುಸ್ತಕದಲ್ಲಿ, ಇಂಥ ಹುಣ್ಣಿನ ಹೊಣೆಯನ್ನು ರೋಗದ ಮೇಲೆ ಹಾಕದೆ ಆರೈಕೆಯ ಮೇಲೆಯೇ ಹಾಕಿದರು. ಆದರೂ ಶಾರ್ಕೋ ಅವರಂಥ ದೊಡ್ಡ ವೈದ್ಯರ ಮಾತೇ ಬಹುಕಾಲ ನಡೆಯಿತು. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗಾಯವಾದ ಸೈನಿಕರಲ್ಲಿ ಬಹುಪಾಲು ಮಂದಿ ಕೆಲವೇ ತಿಂಗಳು ಅಥವಾ ವರ್ಷಗಳಲ್ಲಿ ಹಾಸಿಗೆ ಹುಣ್ಣಿನ ನಂಜಿನಿಂದ, ಮೂತ್ರದ ಸೋಂಕಿನಿಂದ ತೀರಿಕೊಂಡರು.

ಈ ಕಥೆ ತಿರುಗಿದ್ದು 1944ರ ಫೆಬ್ರುವರಿಯಲ್ಲಿ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ. ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟು ಬಂದಿದ್ದ ಯಹೂದಿ ನರವೈದ್ಯ ಲುಡ್ವಿಗ್ ಗುಟ್‌ಮನ್ ಅವರ ಕೈಗೆ ಬೆನ್ನುಹುರಿ ಗಾಯದ ವಿಭಾಗವನ್ನು ಕೊಟ್ಟರು. ಬಂದ ಸೈನಿಕರ ಮೈತುಂಬ ಆಳವಾದ ಹುಣ್ಣುಗಳಿದ್ದವು. ಗುಟ್‌ಮನ್ ಹೊಸ ಔಷಧ ಏನನ್ನೂ ಹುಡುಕಲಿಲ್ಲ. ಪ್ರತಿ ರೋಗಿಯನ್ನೂ ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿ, ತಪ್ಪದೆ ತಿರುಗಿಸಬೇಕು ಎಂದು ಕಟ್ಟುಮಾಡಿದರು. ಅದು ನಡೆಯುತ್ತಿದೆಯೇ ಎಂದು ನೋಡಲು ರಾತ್ರಿಯ ಹೊತ್ತು ತಾವೇ ವಾರ್ಡಿಗೆ ಬರುತ್ತಿದ್ದರು. ದಿಂಬು ಸರಿಪಡಿಸಿ, ಎತ್ತಿ, ಹೊರಳಿಸಿ ಬೆವರಿಳಿಸಿದವರು ನರ್ಸುಗಳು ಮತ್ತು ಆರ್ಡರ್ಲಿಗಳು. ಸಾಯುತ್ತಾರೆ ಎಂದುಕೊಂಡಿದ್ದ ಹುಡುಗರು ಎದ್ದು ಕೂತರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಆ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯಲ್ಲಿ ಕೂತ 16 ಜನ ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಇವತ್ತಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ಟಿ.ವಿ.ಯಲ್ಲಿ ಆ ಕ್ರೀಡೆಗಳನ್ನು ನೋಡಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ರಾತ್ರಿ ಪಾಳಿಯ ಆ ಕೈಗಳು.

ನಮ್ಮ ನೆರೆಯ ವೆಲ್ಲೂರಿಗೂ ಇಂಥದೊಂದು ಹಿರಿಮೆಯಿದೆ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಯುವವೈದ್ಯೆ ಮೇರಿ ವರ್ಗೀಸ್ 1954ರಲ್ಲಿ ವಾಹನ ಅಪಘಾತದಿಂದ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕೂತೇ ಶಸ್ತ್ರಚಿಕಿತ್ಸೆ ಮಾಡಿದರು, ಅಮೆರಿಕದಲ್ಲಿ ಹೆಚ್ಚಿನ ತರಬೇತಿ ಪಡೆದು ಬಂದು, ತಮ್ಮಂಥವರಿಗಾಗಿ ವೆಲ್ಲೂರಿನಲ್ಲಿ ಪುನರ್ವಸತಿ ವಿಭಾಗವನ್ನು ಕಟ್ಟಿದರು. ಇಂಥ ಕೇಂದ್ರಗಳಲ್ಲಿ ರೋಗಿಗೆ ಮೊದಲು ಕಲಿಸುವ ಪಾಠಗಳಲ್ಲಿ ಒಂದು, ಕನ್ನಡಿ ಹಿಡಿದು ದಿನವೂ ತನ್ನ ಬೆನ್ನು, ಪೃಷ್ಠ, ಹಿಮ್ಮಡಿಗಳನ್ನು ತಾನೇ ನೋಡಿಕೊಳ್ಳುವುದು. ಇನ್ನೊಂದು, ಗಾಲಿಕುರ್ಚಿಯಲ್ಲಿ ಕೂತಾಗ ಆಗಾಗ ಕೈಯೂರಿ ಮೈ ಎತ್ತುವುದು, ಇಲ್ಲವೇ ಮುಂದಕ್ಕೆ, ಪಕ್ಕಕ್ಕೆ ವಾಲಿ ಭಾರ ಬಿಡಿಸುವುದು.

ಹಾಗಾದರೆ ಇವತ್ತು ಒಳ್ಳೆಯ ಆರೈಕೆ ಎಂದರೆ ಏನು?

ಮೊದಲನೆಯದು, ರೋಗಿ ಬಂದ ದಿನವೇ ಅಪಾಯವನ್ನು ಅಳೆಯುವುದು. ಬ್ರಿಟನ್ನಿನ ನರ್ಸ್ ಡೊರೀನ್ ನಾರ್ಟನ್ 1962ರಲ್ಲಿ ಇದಕ್ಕೊಂದು ಅಂಕಪಟ್ಟಿ ಕೊಟ್ಟರು. ಅಮೆರಿಕದ ನರ್ಸುಗಳಾದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ 1987ರಲ್ಲಿ ಪ್ರಕಟಿಸಿದ ಬ್ರೇಡನ್ ಪಟ್ಟಿ ಇಂದು ನಮ್ಮಲ್ಲೂ ಬಳಕೆಯಲ್ಲಿದೆ. ನೋವು ತಿಳಿಯುತ್ತದೆಯೇ, ಮೈ ಒದ್ದೆಯಿರುತ್ತದೆಯೇ, ಎದ್ದು ಓಡಾಡುತ್ತಾರೆಯೇ, ಮಲಗಿದಲ್ಲೇ ಹೊರಳುತ್ತಾರೆಯೇ, ಊಟ ಸೇರುತ್ತದೆಯೇ, ಮೈ ಉಜ್ಜುತ್ತದೆಯೇ ಅಥವಾ ಜಾರುತ್ತದೆಯೇ, ಹೀಗೆ ಆರು ಪ್ರಶ್ನೆ. ಒಟ್ಟು 23 ಅಂಕ. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ ಬೇಕು.

ಎರಡನೆಯದು, ಚರ್ಮವನ್ನು ಕಣ್ಣಿಟ್ಟು ನೋಡುವುದು, ಕೈಯಿಟ್ಟು ಮುಟ್ಟುವುದು. ಪುಸ್ತಕಗಳಲ್ಲಿ ಮೊದಲ ಹಂತ ಎಂದರೆ ಕೆಂಪು ಎಂದು ಬರೆದಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟಾಗ ಆ ಕೆಂಪು ಮಾಸಿ ಮತ್ತೆ ಬಂದರೆ ರಕ್ತ ಓಡಾಡುತ್ತಿದೆ ಎಂದು ಅರ್ಥ, ಮಾಸದೆ ಹಾಗೇ ಉಳಿದರೆ ಹಾನಿ ಶುರುವಾಗಿದೆ ಎಂದು ಅರ್ಥ. ಆದರೆ ನಮ್ಮ ಕಪ್ಪು, ಎಣ್ಣೆಗೆಂಪು ಮೈಬಣ್ಣದಲ್ಲಿ ಆ ಕೆಂಪು ಕಾಣುವುದೇ ಕಷ್ಟ. ಆದ್ದರಿಂದ ಪಕ್ಕದ ಚರ್ಮದ ಜೊತೆ ಹೋಲಿಸಬೇಕು. ಆ ಜಾಗ ಹೆಚ್ಚು ಬಿಸಿಯಿದೆಯೇ, ತಣ್ಣಗಿದೆಯೇ, ಗಟ್ಟಿಯಾಗಿದೆಯೇ, ಮೆತ್ತಗಾಗಿದೆಯೇ, ನೇರಳೆ ಛಾಯೆ ಬಂದಿದೆಯೇ, ಮುಟ್ಟಿದರೆ ನೋಯುತ್ತದೆಯೇ? ಈ ಹಂತದಲ್ಲಿ ಚರ್ಮ ಒಡೆದಿರುವುದಿಲ್ಲ. ಒಡೆಯದ್ದನ್ನು ಹುಣ್ಣು ಎನ್ನುವುದು ಹೇಗೆ ಎಂದೇ 2016ರಲ್ಲಿ ಅಮೆರಿಕದ ತಜ್ಞರ ಸಮಿತಿ ಹೆಸರನ್ನು ಒತ್ತಡದ ಗಾಯ ಎಂದು ಬದಲಿಸಿತು. ಎರಡನೆಯ ಹಂತದಲ್ಲಿ ಚರ್ಮ ಸುಲಿಯುತ್ತದೆ ಅಥವಾ ಬೊಬ್ಬೆ ಏಳುತ್ತದೆ. ಮೂರನೆಯದರಲ್ಲಿ ಕೊಬ್ಬಿನ ಪದರ ಕಾಣುತ್ತದೆ. ನಾಲ್ಕನೆಯದರಲ್ಲಿ ಮಾಂಸ, ಮೂಳೆಯೇ ಕಾಣುತ್ತದೆ. ಬರೀ ಬೆರಳು ಒತ್ತಿ ಗುರುತಿಸಬಹುದಾಗಿದ್ದ ಮೊದಲ ಹಂತಕ್ಕೂ ಮೂಳೆ ಕಾಣುವ ಹಂತಕ್ಕೂ ನಡುವೆ ಕೆಲವೊಮ್ಮೆ ಕೆಲವೇ ದಿನಗಳ ಅಂತರ.

ಮೂರನೆಯದು, ತಿರುಗಿಸುವುದು. ರಾತ್ರಿ ಎರಡು ಗಂಟೆ ಎಂದುಕೊಳ್ಳಿ. ಮಂಚದ ಇಬ್ಬದಿಯಲ್ಲಿ ಇಬ್ಬರು. ಮೊದಲು ರೋಗಿಗೆ ಹೇಳುತ್ತೇವೆ: "ಅಜ್ಜಾ, ಈಗ ಕಿಟಕಿ ಕಡೆ ತಿರುಗಿಸ್ತೀವಿ." ಎಚ್ಚರವಿಲ್ಲದವರಿಗೂ ಹೇಳುತ್ತೇವೆ. ಸೊಂಟದ ಕೆಳಗೆ ಅಡ್ಡಲಾಗಿ ಹಾಸಿದ ಡ್ರಾ ಶೀಟಿನ ಅಂಚನ್ನು ಇಬ್ಬರೂ ಸುತ್ತಿ ಹಿಡಿದು, ಒಂದು ಎರಡು ಮೂರು ಎಂದು ಒಟ್ಟಿಗೆ ಎತ್ತುತ್ತೇವೆ. ಕಂಕುಳಿಗೆ ಕೈಹಾಕಿ ಎಳೆಯುವುದಿಲ್ಲ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಪಕ್ಕದ ಮೂಳೆಯ ಮೇಲೇ ಭಾರ ಬೀಳುತ್ತದೆ, ಆದ್ದರಿಂದ ಬೆನ್ನಿನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟು ಮಾತ್ರ ವಾಲಿಸುತ್ತೇವೆ. ಎರಡು ಮಂಡಿಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಉದ್ದಕ್ಕೆ ಇನ್ನೊಂದು, ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ. ಕೊನೆಗೆ ಹಿಮ್ಮಡಿಯ ಕೆಳಗೆ ಕೈ ಆಡಿಸಿ ನೋಡುತ್ತೇವೆ. ಕೈ ಸಲೀಸಾಗಿ ಹಾಯ್ದರೆ ಸರಿ. ಶೀಟಿನ ಸುಕ್ಕು ಎಳೆಯುತ್ತೇವೆ, ಮೈಯಡಿ ಕ್ಯಾತಿಟರ್ ನಳಿಗೆ, ಸಿರಿಂಜಿನ ಮುಚ್ಚಳ ಸಿಕ್ಕಿಕೊಂಡಿಲ್ಲವೆಂದು ಖಚಿತ ಮಾಡಿಕೊಂಡು ಚಾರ್ಟಿನಲ್ಲಿ ಗಂಟೆ, ಮಗ್ಗುಲು ಬರೆಯುತ್ತೇವೆ. ಇಷ್ಟಕ್ಕೆ ಐದು ನಿಮಿಷ ಸಾಕು.

ಎರಡು ಗಂಟೆ ಎಲ್ಲರಿಗೂ ಒಂದೇ ಅಳತೆಯೇನಲ್ಲ. ಒಳ್ಳೆಯ ಫೋಮ್ ಹಾಸಿಗೆಯಿದ್ದರೆ ಕೆಲವರಿಗೆ ಮೂರು ನಾಲ್ಕು ಗಂಟೆಯೂ ನಡೆಯುತ್ತದೆ, ಬಹಳ ಬಳಲಿದವರಿಗೆ ಎರಡು ಗಂಟೆಯೂ ಹೆಚ್ಚಾಗುತ್ತದೆ. ಅದನ್ನು ಅವರ ಚರ್ಮವೇ ಹೇಳುತ್ತದೆ. ಏರ್ ಬೆಡ್ ಹಾಕಿದ್ದೇವೆ, ಇನ್ನು ತಿರುಗಿಸಬೇಕಾಗಿಲ್ಲ ಎಂದು ಬಹಳ ಮನೆಗಳಲ್ಲಿ ಅಂದುಕೊಳ್ಳುತ್ತಾರೆ. ಏರ್ ಬೆಡ್ ಸಹಾಯಕ್ಕಿರುವ ಸಾಧನ. ಅದರ ಮೇಲೂ ತಿರುಗಿಸಲೇಬೇಕು.

ಇನ್ನು ಹಳೆಯ ತಪ್ಪುಗಳು. ನಾವು ವಿದ್ಯಾರ್ಥಿಗಳಾಗಿದ್ದಾಗ ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ, ಮೂಳೆ ಉಬ್ಬಿದ ಜಾಗವನ್ನು ಚೆನ್ನಾಗಿ ತಿಕ್ಕುವುದನ್ನು ಕಲಿತಿದ್ದೆವು. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ. ಮೊದಲೇ ಸೋತ ಜಾಗವನ್ನು ತಿಕ್ಕಿದರೆ ಒಳಗಿನ ನಾಳಗಳು ಇನ್ನಷ್ಟು ಹರಿಯುತ್ತವೆ. ನಡುವೆ ತೂತಿರುವ ರಬ್ಬರ್ ರಿಂಗ್ ಸುತ್ತಲೂ ಒತ್ತಿ, ಮಧ್ಯದ ಭಾಗಕ್ಕೆ ರಕ್ತ ಹೋಗದಂತೆ ಮಾಡುತ್ತದೆ. ಈ ಮೂರನ್ನೂ ಬಿಡಬೇಕು. ಮಲಮೂತ್ರವಾದ ಕೂಡಲೇ ಮೆತ್ತಗಿನ ಬಟ್ಟೆಯಿಂದ ಶುಚಿ ಮಾಡಿ, ಒತ್ತಿ ಒರೆಸಿ, ತೇವ ತಡೆಯುವ ಕ್ರೀಮನ್ನು ತೆಳುವಾಗಿ ಹಚ್ಚಿದರೆ ಸಾಕು. ಆಮ್ಲಜನಕದ ಮಾಸ್ಕು, ಮೂಗಿನ ನಳಿಗೆ ಕೂಡ ಕಿವಿಯ ಹಿಂದೆ, ಮೂಗಿನ ಮೇಲೆ ಗಾಯ ಮಾಡುತ್ತವೆ. ಅವುಗಳ ಕೆಳಗೂ ದಿನವೂ ನೋಡಬೇಕು.

ಊಟದ ಮಾತು ಮರೆಯಬಾರದು. ಹಾಸಿಗೆ ಹಿಡಿದವರಿಗೆ ನಾವು ಪ್ರೀತಿಯಿಂದ ಕೊಡುವುದು ನೀರಾದ ಗಂಜಿ. ಅದರಲ್ಲಿ ಚರ್ಮ ಕಟ್ಟುವ ಪ್ರೋಟೀನ್ ಬಹಳ ಕಡಿಮೆ. ಇಂಥವರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಅಂದರೆ 50 ಕಿಲೋ ತೂಕದವರಿಗೆ 62.5ರಿಂದ 75 ಗ್ರಾಂ. ಮೂತ್ರಪಿಂಡದ ತೊಂದರೆಯಿದ್ದರೆ ವೈದ್ಯರನ್ನು ಕೇಳಿ. ಇಲ್ಲದಿದ್ದರೆ ಗಂಜಿಗೆ ಹಾಲು, ಬೇಳೆಯ ಕಟ್ಟು, ಹುರಿಗಡಲೆ ಹಿಟ್ಟು ಸೇರಿಸಿ. ತಿನ್ನುವವರಾದರೆ ಮೊಟ್ಟೆ ಕೊಡಿ.

ಇಷ್ಟೆಲ್ಲ ಮಾಡಲು ಕೈಗಳು ಬೇಕು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ನರ್ಸ್ ಇದ್ದರೆ ಯಾವ ಚಾರ್ಟೂ ಉಳಿಸುವುದಿಲ್ಲ. ಆಸ್ಪತ್ರೆಗಳ ಗುಣಮಟ್ಟ ಅಳೆಯುವ ನಮ್ಮ ದೇಶದ ಎನ್‌ಎಬಿಎಚ್ ಕೂಡ, ದಾಖಲಾದ ಮೇಲೆ ಎಷ್ಟು ರೋಗಿಗಳಿಗೆ ಒತ್ತಡದ ಗಾಯವಾಯಿತು ಎಂಬ ಲೆಕ್ಕವನ್ನು ಕೇಳುತ್ತದೆ. ಆ ಲೆಕ್ಕ ಹಿಡಿದು ಸಾಕಷ್ಟು ಸಿಬ್ಬಂದಿಯನ್ನು ಕೊಡುವುದು ಆಡಳಿತದ ಕರ್ತವ್ಯ. ಜೊತೆಗಿರುವ ಮನೆಯವರಿಗೆ ತಿರುಗಿಸುವುದನ್ನು ಕೈಹಿಡಿದು ಕಲಿಸುವುದು ನಮ್ಮ ಕರ್ತವ್ಯ, ಏಕೆಂದರೆ ನಾಳೆ ಮನೆಯಲ್ಲಿ ಆ ಕೆಲಸ ಅವರದೇ.

ಆ ಅಜ್ಜನ ಮಗನ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಹಿಮ್ಮಡಿ ಕಪ್ಪಾದದ್ದು ನಾಲ್ಕು ದಿನ ಯಾರೂ ಅದರ ಕೆಳಗೆ ಕೈ ಹಾಕಿ ನೋಡದ್ದರಿಂದ. ಆಮೇಲಿನ ನನ್ನ ಸೇವಾವಧಿಯಲ್ಲಿ, ರೌಂಡ್ಸಿಗೆ ಹೋದಾಗಲೆಲ್ಲ ನಾನು ನಿಲ್ಲುತ್ತಿದ್ದದ್ದು ಮಂಚದ ಕಾಲುಗಡೆ. ಮೊದಲು ಹೊದಿಕೆ ಸರಿಸಿ ಹಿಮ್ಮಡಿ ನೋಡಿ, ಆಮೇಲೆ ಮುಖ ನೋಡಿ ಮಾತಾಡಿಸುತ್ತಿದ್ದೆ.

ನಿಮ್ಮ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ, ಈ ಮಾತು ಮುಗಿದ ಮೇಲೆ ಅವರ ಹತ್ತಿರ ಹೋಗಿ. ಹೊದಿಕೆ ಸರಿಸಿ, ಹಿಮ್ಮಡಿಯ ಕೆಳಗೆ ಕೈ ಹಾಕಿ. ಬೆನ್ನಿನ ಕೆಳಗೂ ಹಾಕಿ. ಆಮೇಲೆ ಮನೆಯ ಇನ್ನೊಬ್ಬರನ್ನು ಕರೆದು ಮೆಲ್ಲಗೆ ಮಗ್ಗುಲು ಬದಲಿಸಿ, ಗಡಿಯಾರ ನೋಡಿ ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ.